ದೇವಕ್ಕನ ತವರ ಗಡಗಿ

ಕೊಪ್ಪದ ಶಾಲೆಗೆ ಮಾಸ್ತರನಾಗಿ ಬಂದ ಮೊದಲ ವಾರವೇ ದೇವಕ್ಕ ನನ್ನನ್ನು ಒಂದು ಕಲ್ಲಿನ ಕಿಂಡಿಯಲ್ಲಿ ಸಿಕ್ಕಿಸಿಬಿಟ್ಟಳು. ಸಿಕ್ಕಿಕೊಂಡದ್ದು ನನ್ನ ಹೊಟ್ಟೆಯ ತಪ್ಪು, ಕಿಂಡಿಯ ತಪ್ಪಲ್ಲ ಎಂದು ಆಕೆ ಈಗಲೂ ವಾದಿಸುತ್ತಾಳೆ.

ಕಲಘಟಗಿಯಿಂದ ಬಮ್ಮಿಗಟ್ಟಿಯವರೆಗೆ ಬಸ್ಸು, ಅಲ್ಲಿಂದ ಮೂರು ಮೈಲಿ ನಡಿಗೆ, ನಡುವೆ ಒಂದು ಹಳ್ಳ. ಅಷ್ಟಾದ ಮೇಲೆ ನಲವತ್ತು ಮನೆಯ ಕೊಪ್ಪ. ಊರ ಹಿಂದಿನ ದಿನ್ನೆಯ ಮೇಲೆ, ಸಾಗವಾನಿ ಗಿಡಗಳು ಶುರುವಾಗುವಲ್ಲಿ, ಐದು ಕಲ್ಲಿನ ಮನೆಗಳಿವೆ. ಮನೆ ಅಂದರೆ ನಾಲ್ಕು ಕಡೆ ನಾಲ್ಕು ಚಪ್ಪಡಿ ನಿಲ್ಲಿಸಿ, ಮೇಲೊಂದು ದೊಡ್ಡ ಚಪ್ಪಡಿ ಮುಚ್ಚಿದ್ದು. ಎದುರಿನ ಚಪ್ಪಡಿಯಲ್ಲಿ ಒಂದು ದುಂಡನೆಯ ಕಿಂಡಿ. ಸುತ್ತ ಗುಂಡುಕಲ್ಲುಗಳ ಒಂದು ಬಳೆ. ಮೂರು ಮನೆ ಬಿದ್ದಿದ್ದವು, ಒಂದು ವಾಲಿತ್ತು, ಒಂದು ಮಾತ್ರ ನೆಟ್ಟಗೆ ನಿಂತಿತ್ತು. ಊರವರು ಅದನ್ನು ಪಾಂಡವರ ಗುಡಿ ಅನ್ನುತ್ತಿದ್ದರು. ಗುಡಿಯಲ್ಲಿ ದೇವರಿರಲಿಲ್ಲ. ಹಗಲೆಲ್ಲ ಅಲ್ಲಿ ಇದ್ದವಳು ದೇವಕ್ಕ, ಅವಳ ಹದಿನಾರು ಆಡುಗಳ ಜೊತೆ.

ಆಗ ಆಕೆಗೆ ಅರವತ್ತರ ಆಸುಪಾಸು. ಗಂಡ ಬೀರಲಿಂಗಪ್ಪ ತೀರಿಕೊಂಡು ಎರಡು ಮೂರು ವರ್ಷವಾಗಿತ್ತು. ತಲೆಯ ಮೇಲೆ ಮಡಿಸಿದ ಕಂಬಳಿ, ಕೈಯಲ್ಲಿ ಕೋಲು, ಬಾಯಿ ತುಂಬ ಎಲೆಯಡಿಕೆ. ನಾನು ಕುಂದಗೋಳದವನು, ಈ ಕಾಡಂಚಿನಿಂದ ಯಾವಾಗ ಬದಲಿ ಆದೀತೋ ಎಂದು ಬಂದ ದಿನದಿಂದಲೇ ಕಾಯುತ್ತಿದ್ದೆ. ಅದು ಆಕೆಗೆ ಹೇಗೋ ಗೊತ್ತಾಗಿತ್ತು.

"ಮಾಸ್ತರ, ಈ ಕಿಂಡ್ಯಾಗ ಹೊಕ್ಕು ಹೊರಗ ಬಂದವರಿಗೆ ಬದಲಿ ಆರ್ಡರ್ ಲಗೂನ ಬರತೈತ್ರಿ" ಎಂದಳು. "ಹಿಂದಿನ ಮಾಸ್ತರಿಗೆ ಎಂಟ ದಿನದಾಗ ಬಂತು."

ಓದಿದವನು ನಾನು. ಆದರೂ ಅತ್ತಿತ್ತ ನೋಡಿ ತಲೆ ತೂರಿಸಿದೆ. ತಲೆ ಹೋಯಿತು, ಹೆಗಲು ಹೋಯಿತು, ಹೊಟ್ಟೆ ಹೋಗಲಿಲ್ಲ. ಹದಿನಾರು ಆಡುಗಳು ಸಾಲಾಗಿ ನಿಂತು ನೋಡಿದವು. ಆಕೆ ನನ್ನ ಕಾಲು ಹಿಡಿದು ಎಳೆದು ತೆಗೆದು, "ಅರ್ಧಾ ಹೋಗೀರಿ, ಅರ್ಧಾ ಬದಲಿ ಆಗಬಹುದು" ಎಂದಳು. ಆ ಅರ್ಧ ಬದಲಿಯೂ ಈವರೆಗೆ ಬಂದಿಲ್ಲ.

ದಿನ್ನೆಗೆ ಅಪರೂಪಕ್ಕೆ ಜನ ಬರುತ್ತಿದ್ದರು. ಬಮ್ಮಿಗಟ್ಟಿಯ ಬೀಗರು, ಫಾರೆಸ್ಟಿನವರು, ಹುಬ್ಬಳ್ಳಿಯಿಂದ ಕ್ಯಾಮರಾ ಹಿಡಿದ ಒಬ್ಬಿಬ್ಬರು. ದೇವಕ್ಕ ಎಲ್ಲರಿಗೂ ಕಲ್ಲು ತೋರಿಸುತ್ತಿದ್ದಳು, ಒಬ್ಬೊಬ್ಬರಿಗೆ ಒಂದೊಂದು ಕತೆ. ಹೊಸ ಮದುವೆಯವರಿಗೆ, ಇದು ದ್ರೌಪದಿ ಐದೂ ಗಂಡಂದಿರ ಮೇಲೆ ಸಿಟ್ಟಾಗಿ ಕದ ಹಾಕಿಕೊಂಡ ಮನೆ. ಕಿಂಡಿ ಯಾಕೆಂದರೆ, ಸಿಟ್ಟು ಬೇರೆ ರೊಟ್ಟಿ ಬೇರೆ, ಗಂಡಂದಿರಿಗೆ ಅಲ್ಲಿಂದಲೇ ರೊಟ್ಟಿ ಕೊಡುತ್ತಿದ್ದಳು. ಫಾರೆಸ್ಟಿನವರಿಗೆ, ಗಿಡ ಕಡಿದವರನ್ನು ಭೀಮ ಕೂಡಿಹಾಕುತ್ತಿದ್ದ ಜಾಗ. ಒಬ್ಬ ದಪ್ಪ ಇಂಜಿನಿಯರ್ ಬಂದಾಗ ಅದು ಭೀಮನ ಮನೆಯಾಗಿರಲಿಲ್ಲ, ನಕುಲನದಾಗಿತ್ತು, "ಸಣ್ಣ ಪ್ರಕೃತಿಯವ್ರಿಗೆ ಅಷ್ಟ ಒಳಗ ಬಿಡತೈತ್ರಿ" ಎಂದು. ಹಣ ಕೇಳುತ್ತಿರಲಿಲ್ಲ, ಕೊಟ್ಟರೆ ಎಲೆಯಡಿಕೆ ತೆಗೆದುಕೊಳ್ಳುತ್ತಿದ್ದಳು. ಆಕೆಗೆ ಬೇಕಿದ್ದದ್ದು ಕೇಳುವ ಕಿವಿ. ಊರಲ್ಲಿ ಆಕೆ ಬಾಯಿ ತೆರೆದರೆ ಜನ ಎದ್ದು ಹೋಗುತ್ತಿದ್ದರು. ದಿನ್ನೆಯ ಮೇಲೆ ಬಂದವರು ಕೂತು ಕೇಳುತ್ತಿದ್ದರು.

ಆಕೆಯ ಎಲ್ಲ ಸುಳ್ಳುಗಳಲ್ಲಿ ಊರು ನಂಬಿದ್ದ ಮಾತು ಒಂದೇ: ತವರು. ದೇವಕ್ಕನ ಚಿಕ್ಕಪ್ಪ ಕುರಿ ಹೊಡೆದುಕೊಂಡು ಊರೂರು ಅಲೆಯುವವನು. ಹಿಂದೆ ಅವನ ಹಿಂಡು ಕೊಪ್ಪದ ಹೊಲದಲ್ಲಿ ತಂಗಿದಾಗ ತಬ್ಬಲಿ ಹುಡುಗಿಯನ್ನು ಬೀರಲಿಂಗಪ್ಪನಿಗೆ ಕೊಟ್ಟು, ಹಿಂಡು ಮುಂದೆ ಹೋಯಿತು. ಆಮೇಲೆ ಚಿಕ್ಕಪ್ಪ, ಅವನ ಮಗ ಅಣ್ಣಿಗೇರಿ ಕಡೆ ನೆಲೆಸಿ, ಹತ್ತು ಎಕರೆ ಎರೆಹೊಲ ಮಾಡಿಕೊಂಡಿದ್ದಾರೆಂದು ದೇವಕ್ಕ ಹೇಳುತ್ತಿದ್ದಳು. ಸಾಕ್ಷಿಗೆ ಒಂದು ಮಣ್ಣಿನ ಗಡಗಿ ಇತ್ತು. ಒಳಗೆ ಕಪ್ಪು, ಹೊರಗೆ ಕೆಂಪು, ಎಣ್ಣೆ ಹಚ್ಚಿ ಒರೆಸಿದ ಹಾಗೆ ನುಣುಪು. ಅಂಥ ಗಡಗಿ ಈ ಭಾಗದ ಯಾವ ಕುಂಬಾರನೂ ಮಾಡುತ್ತಿರಲಿಲ್ಲ. ಅದರಲ್ಲಿ ಹೆಪ್ಪು ಹಾಕಿದ ಮೊಸರನ್ನು ಊರೇ ಹೊಗಳುತ್ತಿತ್ತು. ಪ್ರತಿ ವರ್ಷ, ಹೆಣ್ಣುಮಕ್ಕಳು ತವರಿಗೆ ಹೋಗುವ ನಾಗರ ಪಂಚಮಿಯ ಮುಂಚಿನ ದಿನ ಆಕೆ ಆ ಗಡಗಿಯ ತುಂಬ ಶೇಂಗಾ ಉಂಡಿ, ಎಳ್ಳುಂಡಿ ತುಂಬಿಕೊಂಡು ದಿನ್ನೆಯಿಂದ ಇಳಿಯುತ್ತಿದ್ದಳು.

"ನಮ್ಮಣ್ಣ ಬಂದಿದ್ದಾ. ಕರಿಯಾಕಂತನ ಬಂದಿದ್ದಾ. ಆಡು ಬಿಟ್ಟು ಹ್ಯಾಂಗ ಬರ್ಲೋ ಅಂದೆ. ಗಡಗಿ ತುಂಬಿಕೊಟ್ಟು ಗುಡ್ಡದ ದಾರೀಲೆ ಹ್ವಾದಾ."

ಆ ಅಣ್ಣನನ್ನು ನೋಡಿದವರು ಯಾರೂ ಇಲ್ಲ. ಉಂಡಿ ತಿನ್ನದವರೂ ಯಾರೂ ಇಲ್ಲ. ನಾನೂ ತಿಂದಿದ್ದೇನೆ, ಚೆನ್ನಾಗಿರುತ್ತಿದ್ದವು. ಪಕ್ಕದ ಮನೆಯ ಮೈಲಾರವ್ವ, ಅಂದರೆ ದೇವಕ್ಕನ ಗಂಡನ ಅಣ್ಣನ ಹೆಂಡತಿ, ಮಾತ್ರ ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡು ಏನೂ ಅನ್ನದೆ ಒಳಗೆ ಹೋಗುತ್ತಿದ್ದಳು. ಮೈಲಾರವ್ವನಿಗೆ ನಮ್ಮ ಕುಂದಗೋಳದಲ್ಲೇ ನಿಜವಾದ ತವರಿತ್ತು, ಪಂಚಮಿಗೆ ಕರೆಯಲು ಬಂಡಿ ಕಟ್ಟಿಕೊಂಡು ನಿಜವಾದ ಅಣ್ಣಂದಿರು ಬರುತ್ತಿದ್ದರು. ಇಬ್ಬರ ಮನೆಗೆ ನಡುವೆ ಒಂದೇ ಗೋಡೆ. ಆ ಗೋಡೆಯ ಎರಡೂ ಕಡೆಯಿಂದ ನಲವತ್ತು ವರ್ಷ ಜಗಳ ನಡೆದಿತ್ತು.

೧೯೮೪ರ ಬೇಸಿಗೆಯಲ್ಲಿ ಪಂಚಾಯಿತಿ ಚೇರ್ಮನ್ ಹೊಳೆಪ್ಪನವರಿಗೆ ಹಳ್ಳದ ಮೇಲೆ ಸೇತುವೆ ಮಾಡುವ ಹುಕಿ ಬಂತು. ಹುಕಿ ಕೆಟ್ಟದ್ದಲ್ಲ, ಮಳೆಗಾಲದಲ್ಲಿ ಮಕ್ಕಳು ಸೊಂಟದ ನೀರಿನಲ್ಲಿ ಹಾಯಬೇಕಿತ್ತು. ಕೆಟ್ಟದ್ದೇನೆಂದರೆ ಅವರ ಕಣ್ಣು ದಿನ್ನೆಯ ಚಪ್ಪಡಿಗಳ ಮೇಲೆ ಬಿದ್ದದ್ದು.

"ಹಾಸಿದ್ರ ನೂರು ವರ್ಷ ಅಳಗ್ಯಾಡಂಗಿಲ್ಲ. ಪಾಂಡವ್ರೇನು ತಿರುಗಿ ಬರತಾರೇನು ಬಾಡಿಗಿ ಕೇಳಾಕ?" ಎಂದರು.

ನಾನು ಧಾರವಾಡದಲ್ಲಿ ಹಳೆಯ ಕಲ್ಲು, ಶಾಸನ ನೋಡಿಕೊಳ್ಳುವ ಕಚೇರಿಗೆ ಕಾಗದ ಬರೆದೆ. ದೇವಕ್ಕನ ಮೇಲಿನ ಪ್ರೀತಿಯಿಂದಲ್ಲ. ಆ ಕಿಂಡಿಯಲ್ಲಿ ಸಿಕ್ಕಿಕೊಂಡ ಕಲ್ಲು ಮೋರಿಯಾಗುವುದು ನನ್ನ ಮರ್ಯಾದೆಗೆ ಸರಿ ಕಾಣಲಿಲ್ಲ. ಶಿದ್ಲಿಂಗಪ್ಪ ಎಂಬ ಅಧಿಕಾರಿ ಬರುತ್ತಾರೆ, ಅವರು ಪುರಾತನ ಎಂದು ಬರೆದರೆ ಕಲ್ಲು ಮುಟ್ಟುವಂತಿಲ್ಲ, ಇಲ್ಲವಾದರೆ ಪಂಚಾಯಿತಿಯ ಇಷ್ಟ ಎಂದು ಉತ್ತರ ಬಂತು. ಹೊಳೆಪ್ಪನವರೂ ಆಗಲಿ ಎಂದು ಒಪ್ಪಿದರು. ನಾನು ದೇವಕ್ಕನಿಗೆ ಪುರಾತನದ ಮಾತು ಬಿಡಿಸಿ ಹೇಳದೆ, "ಸಾಹೇಬರು ಬರ್ತಾರ, ಜಾಗಾ ಒಂದೀಟು ಸ್ವಚ್ಛ ಇರಲಿ" ಎಂದೆ. ನನ್ನ ಜೀವಮಾನದ ದೊಡ್ಡ ತಪ್ಪು ಆ ಒಂದು ಮಾತು.

ಸಾಹೇಬರ ಜೀಪು ಬಂದ ದಿನ ಬೆಳಿಗ್ಗೆ ದಿನ್ನೆ ಹತ್ತಿದವನು ಅಲ್ಲೇ ಕೂತುಬಿಟ್ಟೆ. ನಿಂತಿದ್ದ ಕಲ್ಲಿನ ಮನೆಗೆ ಒಳಗೂ ಹೊರಗೂ ಎರಡು ಕೈ ಸುಣ್ಣ. ಕೆಳಗೆ ಮೊಣಕಾಲೆತ್ತರಕ್ಕೆ ಕೆಮ್ಮಣ್ಣಿನ ಪಟ್ಟಿ. ನೆಲಕ್ಕೆ ಸಗಣಿ, ಎದುರಿಗೆ ರಂಗೋಲಿ, ಕಿಂಡಿಯ ಸುತ್ತ ಅರಿಸಿನ, ಮೇಲೆ ಮಾವಿನ ತೋರಣ. ಸುತ್ತ ಬಳೆಯ ಹಾಗಿದ್ದ ಗುಂಡುಕಲ್ಲುಗಳು ಅಸ್ತವ್ಯಸ್ತವಾಗಿ ಬಿದ್ದಿವೆಯೆಂದು ಎಲ್ಲವನ್ನೂ ಕಿತ್ತು ಒಂದು ಮೂಲೆಗೆ ಒಟ್ಟಿದ್ದರು. ಊರ ಹೆಂಗಸರು ಮೂರು ದಿನ ದುಡಿದಿದ್ದರು. ಮನೆಗೆ ದೊಡ್ಡವರು ಬರುತ್ತಾರೆಂದರೆ ನಮ್ಮ ಕಡೆ ಸುಣ್ಣ ಬಳಿಯದೆ ಇರುತ್ತಾರೆಯೇ?

"ಹ್ಯಾಂಗ ಆಗೇತಿ ಮಾಸ್ತರ?" ದೇವಕ್ಕನ ಮುಖ ಹೊಳೆಯುತ್ತಿತ್ತು.

"ಅಗದಿ ನಿನ್ನೆ ಕಟ್ಟಿದಂಗ ಆಗೇತಿ ಬೇ" ಎಂದೆ. ಆಕೆ ಅದನ್ನು ಹೊಗಳಿಕೆಯೆಂದೇ ತೆಗೆದುಕೊಂಡಳು.

ಶಿದ್ಲಿಂಗಪ್ಪನವರು ಜೀಪಿನಿಂದಿಳಿದು, ಡ್ರೈವರ್ ನಿಜಾಮಸಾಬನಿಂದ ಚೀಲ ತೆಗೆದುಕೊಂಡು, ಸುಣ್ಣದ ಮನೆಯನ್ನು ಬಹಳ ಹೊತ್ತು ನೋಡಿದರು. ಐವತ್ತರ ಮನುಷ್ಯ, ಮೆತ್ತಗೆ ಮಾತಾಡುವವರು. "ನಮ್ಮಜ್ಜಾನೂ ಕುರಿ ಕಾದವರಾ" ಎಂದರು. "ಮಳ್ಯಾಗ ಮರಿ ಕೂಡಾಕ ಇಂಥಾವ ಚಪ್ಪಡಿ ಹಟ್ಟಿ ಕಟ್ಟತಿದ್ರು. ಹೋದ ವರ್ಷ ಅಂಥಾ ಒಂದು ಹಟ್ಟಿಗೆ ನಾ ಮೂರು ಸಾವಿರ ವರ್ಷ ಅಂತ ಬರದು ನಗಿಗೇಡಾದೆ. ಇಲ್ಲೆ ಕಲ್ಲಿನ ಸುತ್ತು ಇಲ್ಲ, ನೆಲ ನೋಡೂಣಂದ್ರ ಸಗಣಿ." ಸುತ್ತು ಮೊನ್ನೆಯವರೆಗೂ ಇತ್ತು ಎಂದೆ ನಾನು, ಕಂಡದ್ದನ್ನಷ್ಟೇ ಬರೆಯುವುದು ಎಂದರು. ಆಮೇಲೆ ದೇವಕ್ಕನ ಕಡೆ ತಿರುಗಿ, ಪೆನ್ನು ತೆಗೆದು, "ಯಮ್ಮಾ, ಇದನ್ನ ಯಾರು ಕಟ್ಟಿದ್ದು?" ಎಂದು ಕೇಳಿದರು.

ಇಲ್ಲಿ ಒಂದು ಮಾತು ಹೇಳಬೇಕು. ಕೆಲವು ವರ್ಷಗಳ ಹಿಂದೆ ಉಳುವವನಿಗೇ ಭೂಮಿ ಎಂಬ ಕಾಯ್ದೆ ಬಂದಾಗ ಹೀಗೆಯೇ ಒಂದು ಜೀಪು ಬಂದಿತ್ತು, ಹೀಗೆಯೇ ಪೆನ್ನು ತೆಗೆದು ಕೇಳಿದ್ದರು. ನಮ್ಮಜ್ಜನ ಕಾಲದಿಂದ ನಾವೇ ಎಂದವರಿಗೆ ಹೊಲ ಸಿಕ್ಕಿತ್ತು. ಬೀರಲಿಂಗಪ್ಪ ಮಾತ್ರ ತಲೆ ಕೆರೆದುಕೊಂಡು, ಸರಿಯಾಗಿ ನೆನಪಿಲ್ಲ ಎಂದು ನಿಜ ಹೇಳಿ, ಒಂದು ಪಟ್ಟಿ ಹೊಲ ಕಳೆದುಕೊಂಡಿದ್ದ. ಅಂದಿನಿಂದ ದೇವಕ್ಕನಿಗೆ ಒಂದು ಪಾಠ ಗಟ್ಟಿಯಾಗಿತ್ತು. ಜೀಪಿನವರು ಪೆನ್ನು ತೆಗೆದರೆ ಅಜ್ಜನ ಹೆಸರು ಹೇಳಬೇಕು. ನೂರು ಕತೆ ಕಟ್ಟಿದವಳು ಆ ಹೊತ್ತಿಗೆ ಪಾಂಡವರನ್ನು ಕೈಬಿಟ್ಟಳು.

"ನಮ್ಮ ಮಾವನ ಅಜ್ಜ ಕಟ್ಟಿಸ್ಯಾನ್ರಿ. ಅವ್ನ ಕೈಲೆ ಕಟ್ಟ್ಯಾನ. ಅವತ್ತಿನಿಂದ ನಮ್ಮ ವಹಿವಾಟ ಐತ್ರಿ."

ಶಿದ್ಲಿಂಗಪ್ಪನವರು ಬರೆದುಕೊಂಡರು. ಬರೆದು ಫೈಲು ಮುಚ್ಚಿದರು. ಹೊಳೆಪ್ಪನವರು ನಕ್ಕು, "ಮುಗೀತಲ್ಲ. ನಾಳೆ ಬಂಡಿ ಕಟ್ಟೂಣು" ಎಂದರು.

ದೇವಕ್ಕನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಜೀಪಿಗೆ ಅಡ್ಡ ನಿಂತಳು. "ಸಾಹೇಬ್ರ, ನಾ ಹೇಳಿದ್ದು ಸುಳ್ಳ್ರಿ."

"ಯಾವುದು ಸುಳ್ಳು?"

"ಎಲ್ಲಾನೂ ರಿ. ನಮ್ಮ ಮಾವನ ಅಜ್ಜ ಕೋಳಿಗೂಡು ಸೈತ ಕಟ್ಟಿದಾಂವ ಅಲ್ಲ. ಇದು ಭಾಳ ಹಳೇದು. ಯಾರ್ದಂತ ಯಾರಿಗೂ ಗೊತ್ತಿಲ್ಲ."

"ಮತ್ತ ಈಗ ಹೇಳೂದು?"

"ಇದು ಖರೇ ರಿ."

ಸುತ್ತ ನಿಂತ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ದೇವಕ್ಕ ಖರೇ ಎನ್ನುವುದು ಕೊಪ್ಪದಲ್ಲಿ ಅದಕ್ಕಿಂತ ಮೊದಲು ಯಾರೂ ಕೇಳಿರದ ಚೇಷ್ಟೆ. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ. ಆಕೆಯ ಮುಖ ನೋಡಿದ ಮೇಲೆ ಸುಮ್ಮನಾದೆ. ಅಷ್ಟು ವರ್ಷದಲ್ಲಿ ದೇವಕ್ಕ ಹೆದರಿದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು.

ಶಿದ್ಲಿಂಗಪ್ಪನವರಿಗೂ ಪಾಪ ಎನಿಸಿರಬೇಕು. "ಯಮ್ಮಾ, ಬಾಯಿ ಮಾತು ನಡ್ಯಂಗಿಲ್ಲ. ಒಂದು ಗುರುತು ಬೇಕು. ಇಂಥಾ ಜಾಗಾದಾಗ ಆ ಕಾಲದ ಗಡಗಿ ಚೂರು ಸಿಗತಾವ. ಒಳಗ ಕರಿ, ಹೊರಗ ಕೆಂಪು, ನುಣ್ಣಗ ಇರತಾವ. ಅಂಥಾದ್ದೊಂದು ಚೂರು ಸಿಕ್ಕಿದ್ರೂ ನಾ ಬರೀತಿದ್ದೆ. ಇಷ್ಟು ಸಾರಿಸಿದ ಮ್ಯಾಲ ಎಲ್ಲಿ ಹುಡುಕೂದು?"

ಜನರ ನಗು ನಿಂತಿತು. ಒಳಗೆ ಕಪ್ಪು, ಹೊರಗೆ ಕೆಂಪು, ನುಣುಪು. ಊರಿನ ಎಲ್ಲರ ತಲೆಯಲ್ಲೂ ಒಂದೇ ಗಡಗಿ ಬಂದಿತ್ತು. ದೇವಕ್ಕ ನೆಲ ನೋಡುತ್ತಿದ್ದಳು.

"ಅಂಥಾ ಗಡಗಿ ಇದ್ರ ಈ ಕಲ್ಲು ಉಳೀತಾವೇನ್ರಿ?"

"ಇಲ್ಲೇ ಸಿಕ್ಕಿದ್ದಾದ್ರ ಉಳೀತಾವ."

ಆಕೆ ಇಳಿದು ಹೋದಳು. ಬಹಳ ಹೊತ್ತಿನ ಮೇಲೆ ಹತ್ತಿ ಬಂದಳು, ಸೊಂಟದ ಮೇಲೆ ತೊಳೆದ ಗಡಗಿ, ಹಿಂದೆ ಏದುಸಿರು ಬಿಡುತ್ತ ಮೈಲಾರವ್ವ. ಶಿದ್ಲಿಂಗಪ್ಪನವರು ಗಡಗಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದರು, ಉಗುರಿನಿಂದ ಬಡಿದು ಕೇಳಿದರು.

"ಇದು ಎಲ್ಲಿ ಸಿಕ್ತು?"

ಹೊಳೆಪ್ಪನವರು ನಡುವೆ ಬಾಯಿ ಹಾಕಿದರು. "ಅದು ಆಕಿ ತವರಿಂದ ಬಂದದ್ದ್ರಿ ಸಾಹೇಬ್ರ. ಅಣ್ಣಿಗೇರಿ ಕಡೀದು. ನಲವತ್ತು ವರ್ಷದಿಂದ ಊರಿಗೆಲ್ಲಾ ಗೊತ್ತೈತಿ. ಬೇಕಂದ್ರ ಆಕೀನ್ನ ಕೇಳ್ರಿ."

ದೇವಕ್ಕ ಒಮ್ಮೆ ಕಲ್ಲು ನೋಡಿದಳು, ಒಮ್ಮೆ ಮೈಲಾರವ್ವನನ್ನು ನೋಡಿದಳು. ಮೈಲಾರವ್ವನ ಎದುರಿಗೆ ಆ ಮಾತು ಹೇಳುವುದಕ್ಕಿಂತ ಆಕೆ ಕಿಂಡಿಯಲ್ಲಿ ಹೊಕ್ಕು ಮಣ್ಣಾಗಲು ತಯಾರಿದ್ದಳು ಎಂದು ನನಗೆ ಅನಿಸಿತು.

"ನನಗ ತವರಿಲ್ರಿ" ಎಂದಳು. "ನಮ್ಮ ಕಾಕಾ ಕುರಿ ಹೊಡ್ಕೊಂಡು ಘಟ್ಟದ ಕಡೆ ಹ್ವಾದಾಂವ ತಿರುಗಿ ಬರಲಿಲ್ಲ. ಅಣ್ಣಾನೂ ಇಲ್ಲ, ಹೊಲಾನೂ ಇಲ್ಲ. ಮದಿವ್ಯಾದ ವರ್ಷ ಪಂಚಮಿ ಬಂತು. ಎಲ್ಲಾರ ಮನಿಗೂ ಕರಿಯಾಕ ಬಂದ್ರು. ನಾ ಆಡು ಬಿಟ್ಕೊಂಡು ಇಲ್ಲೆ ಬಂದು ಕುಂತೆ. ಮಳಿಗೆ ಆ ಬಿದ್ದ ಮನ್ಯಾಗ ಮಣ್ಣು ಕುಸಿದು ಒಂದು ಮರಿ ಬಿತ್ತು. ತಗ್ಯಾಕ ಇಳದ್ರ ಈ ಗಡಗಿ ಕಂಡ್ತು. ಒಳಗ ಬೂದಿ, ಎರಡು ಎಲುಬು ಇದ್ದು. ಅವನ್ನ ಅಲ್ಲೇ ಮುಚ್ಚಿ, ಕೈ ಮುಗದು, ಗಡಗಿ ತಂದೆ. ತವರಿಂದ ಬಂತು ಅಂದೆ."

ಆಕೆ ಬಿದ್ದ ಮನೆಯ ಮೂಲೆಗೆ ಹೋಗಿ ಕೋಲು ಊರಿ ತೋರಿಸಿದಳು. ಶಿದ್ಲಿಂಗಪ್ಪನವರು ತಾವೇ ಮೊಣಕಾಲೂರಿ ಕೂತು ಕರಣಿಯಿಂದ ಕೆದರಿದರು. ಮೊಳದಾಳದಲ್ಲಿ ಎಲುಬಿನ ಚೂರು, ಅದರ ಪಕ್ಕದಲ್ಲೇ ಅಂಥದೇ ಗಡಗಿಯ ನಾಲ್ಕು ಚೂರು. ಅವರು ಎದ್ದು ನಿಂತು ಫೈಲು ತೆಗೆದು ಹಿಂದಿನ ಪುಟಕ್ಕೆ ಉದ್ದ ಗೀಟು ಎಳೆದರು.

ಆಗ ಮೈಲಾರವ್ವ ಬಾಯಿ ತೆರೆದಳು. ನಲವತ್ತು ವರ್ಷದ ಬಾಕಿ ಒಮ್ಮೆಲೇ ತೀರಿಸುತ್ತಾಳೆ ಎಂದು ನಾವೆಲ್ಲ ಅಂದುಕೊಂಡೆವು.

"ಅದೇನ ದೊಡ್ಡ ಸುದ್ದಿ ಅಂತ ಹೇಳಾಕತ್ತಿ? ನಿನ್ನ ತವರು ಎಲ್ಲೈತಿ ಅಂತ ನನಗ ಮೊದಲಿನಿಂದ ಗೊತ್ತೈತಿ" ಎಂದಳು. "ನನ್ನ ಅಟ್ಟದ ಮ್ಯಾಲ ಐತಿ. ಪಂಚಮಿ ಬಂತಂದ್ರ ನನ್ನ ಡಬ್ಬ್ಯಾಗಿನ ಬೆಲ್ಲದ ಅಚ್ಚು ಒಂದು ಕಡಿಮಿ ಆಕ್ಕಿತ್ತು. ಉಂಡಿ ತಿಂದ್ರ ನಮ್ಮ ಬೆಲ್ಲದ ರುಚಿ ನನಗ ತಿಳಿಯಂಗಿಲ್ಲೇನು? ಎರಡನೇ ವರ್ಷದಿಂದ ನಾನ ಒಂದು ಅಚ್ಚು ಹೆಚ್ಚಿಗಿ ಇಡಾಕತ್ತೆ, ಕೈಗೆ ಎಟುಕೂ ಹಂಗ."

ದೇವಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. ಮಾತು ಬದಲಿಸಲು ನಾನು ಶಿದ್ಲಿಂಗಪ್ಪನವರ ಕಡೆ ತಿರುಗಿ, ಪಾಂಡವರು ಇಲ್ಲಿ ಎಷ್ಟು ದಿನ ಇದ್ದಿರಬಹುದು ಎಂದು ದಡ್ಡನ ಹಾಗೆ ಕೇಳಿದೆ.

"ಇದು ಮನಿನೂ ಅಲ್ಲ, ಗುಡೀನೂ ಅಲ್ರಿ ಮಾಸ್ತರ. ಗೋರಿ. ಎರಡೂವರೆ ಸಾವಿರ ವರ್ಷದ ಹಿಂದ ಸತ್ತವರ ಎಲುಬು ಇಂಥಾ ಗಡಗ್ಯಾಗ ತುಂಬಿ ಇಡತಿದ್ರು."

ಹೊಳೆಪ್ಪನವರ ಮುಖ ಸುಣ್ಣ ಬಳಿದ ಚಪ್ಪಡಿಯ ಬಣ್ಣಕ್ಕೆ ತಿರುಗಿತು. ಅವರು ಆ ಗಡಗಿಯ ಮಜ್ಜಿಗೆಯನ್ನು ಇಪ್ಪತ್ತು ಬೇಸಿಗೆ ಕುಡಿದಿದ್ದರು. ಹಿಂದಿನಿಂದ ಯಾರೋ ಓಕರಿಸಿದ ಸದ್ದು ಬಂತು. ದೇವಕ್ಕನಿಗೆ ಅಷ್ಟೇ ಸಾಕಾಯಿತು.

"ಅದಕ್ಕ ಮತ್ತ ಮೊಸರು ಅಷ್ಟು ಗಟ್ಟಿ ಬೀಳತಿತ್ತು!" ಎಂದಳು. ಎಲ್ಲರಿಗಿಂತ ಮೊದಲು ನಕ್ಕದ್ದು ಮೈಲಾರವ್ವ.

ಗಡಗಿಯನ್ನು ಧಾರವಾಡದ ಕಚೇರಿಗೆ ಒಯ್ಯಬೇಕೆಂದಾಗ ದೇವಕ್ಕ ಇಲ್ಲ ಎನ್ನಲಿಲ್ಲ. ಶಿದ್ಲಿಂಗಪ್ಪನವರು ತಮ್ಮ ಟವೆಲ್ಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಹೋದರು. ಆಕೆ ದಿನ್ನೆಯ ಮೇಲೆ ನಿಂತು ಜೀಪಿನ ಧೂಳು ಮರೆಯಾಗುವವರೆಗೂ ನೋಡಿದಳು. ಕಲ್ಲು ಉಳಿದವು. ಹಳ್ಳಕ್ಕೆ ಮುಂದೆ ಸಿಮೆಂಟ್ ಪೈಪು ಬಂದವು, ಹೊಳೆಪ್ಪನವರು ಈಗ ಬಂದವರಿಗೆಲ್ಲ ಪಾಂಡವರ ಗುಡಿಯನ್ನು ಉಳಿಸಿದವನು ನಾನೇ ಎನ್ನುತ್ತಾರೆ. ಸುಣ್ಣ ಮಾತ್ರ ಇನ್ನೂ ಪೂರ್ತಿ ಹೋಗಿಲ್ಲ.

ಆ ವರ್ಷದ ಪಂಚಮಿ ಹತ್ತಿರ ಬಂದಾಗ ನನಗೆ ಒಳಗೊಳಗೇ ಕಸಿವಿಸಿ. ಈ ಸಲ ಗಡಗಿಯಿಲ್ಲ, ಅಣ್ಣನಿಲ್ಲ, ಕತೆಯೂ ಇಲ್ಲ. ಹಬ್ಬದ ಮುಂಚಿನ ದಿನ ಮಧ್ಯಾಹ್ನ ನಿಜಾಮಸಾಬನ ಜೀಪು, ಮಳೆ ಬಿಡುವಿನಲ್ಲಿ ಇಳಿದಿದ್ದ ಹಳ್ಳ ದಾಟಿ ಬಂತು. ದಿನ್ನೆಗೆ ನೀಲಿ ಬೋರ್ಡು ಹಾಕುವ ಸರಕಾರಿ ಕೆಲಸ. ಬೋರ್ಡು ನೆಟ್ಟು ಮುಗಿದ ಮೇಲೆ ನಿಜಾಮಸಾಬ ಊರ ಅಗಸಿ ಬಾಗಿಲ ಎದುರು ಜೀಪು ನಿಲ್ಲಿಸಿ, ಊರಿಗೆಲ್ಲ ಕೇಳುವ ಹಾಗೆ ಕೂಗಿದ.

"ದೇವಕ್ಕ ಅನ್ನೋರ ಮನಿ ಯಾವುದ್ರಿ? ಶಿದ್ಲಿಂಗಪ್ಪ ಸಾಹೇಬ್ರು ಕಳಿಸ್ಯಾರ. ಗಡಗಿ ಗಾಜಿನ ಕಪಾಟಿನಾಗ ಇಟ್ಟಾರ, ಕೆಳಗ ಕೊಟ್ಟವ್ರ ಹೆಸರು ಬರಸ್ಯಾರ. ಅಕ್ಕನ್ನ ಪಂಚಮಿಗೆ ಕರಕೊಂಡು ಬಾ ಅಂದಾರ. ಸಾಹೇಬ್ರ ಮನ್ಯಾಗ ಉಂಡಿ ಕಟ್ಟಾಕತ್ತಾರ."

ದೇವಕ್ಕ ಇಳಕಲ್ ಸೀರೆಯುಟ್ಟು ಹೊರಬಂದಳು. ಆಡುಗಳನ್ನು ನನಗೆ ಒಪ್ಪಿಸಿದಳು, ನನ್ನನ್ನು ಕೇಳಲೂ ಇಲ್ಲ. ಓಣಿಯ ಎರಡೂ ಬದಿಗೆ ಜನ ನಿಂತಿದ್ದರು. ಎಲ್ಲಿಗೆ ಎಂದು ಕೇಳದವರಿಗೂ, "ತವರಿಗೆ ಹೊಂಟೇನಿ. ಕರಿಯಾಕ ಬಂದಾರ" ಎಂದು ಹೇಳುತ್ತ ನಿಧಾನವಾಗಿ ನಡೆದು ಜೀಪು ಹತ್ತಿದಳು.

ಅಷ್ಟರಲ್ಲಿ ಮೈಲಾರವ್ವ ಸೆರಗಿನಲ್ಲಿ ಏನೋ ಮುಚ್ಚಿಕೊಂಡು ಬಂದಳು. "ತವರಿಗೆ ಬರಿಗೈಲೆ ಹೋಗಬಾರದು ಬೇ" ಎಂದು ಒಂದು ಬೆಲ್ಲದ ಅಚ್ಚನ್ನು ದೇವಕ್ಕನ ಉಡಿಯಲ್ಲಿಟ್ಟಳು.

ದೇವಕ್ಕ ಅದನ್ನು ಕೈಯಲ್ಲಿ ತೂಗಿ ನೋಡಿದಳು. ಕಣ್ಣು ತುಂಬಿದ್ದವು, ಬಾಯಿ ಮಾತ್ರ ಸುಮ್ಮನಿರಲಿಲ್ಲ.

"ಸಣ್ಣದ ಆರಿಸಿ ತಂದೀಯಲ್ಲ ಯವ್ವಾ. ನಾ ಕದೀತಿದ್ದದ್ದು ಇದಕ್ಕಿಂತ ದೊಡ್ಡದಿರತಿತ್ತು."